ಬೆನ್ನುಮೂಳೆಯ ಉರಿಯೂತದ ಆರಂಭದ ದಿನಗಳು: ಸಿಗರೇಟು, ಕುರ್ಚಿ, ಊಟ, ನಿದ್ದೆ ಇವುಗಳ ಪಾಲು ಎಷ್ಟು?

ಬೈಟು ಕಾಫಿ, ಬಸವನಗುಡಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನನಗೆ 28 ವರ್ಷ. ಹೊರವರ್ತುಲ ರಸ್ತೆಯ ಬದಿಯಲ್ಲಿರುವ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಎರಡು ವರ್ಷಗಳಿಂದ ಬೆಳಗಿನ ಜಾವ ನಾಲ್ಕು ಗಂಟೆಯ ಹೊತ್ತಿಗೆ ಸೊಂಟದ ಕೆಳಗಿನ ನೋವು ನನ್ನನ್ನು ಎಬ್ಬಿಸುತ್ತಿತ್ತು. ಎದ್ದು ಹಾಲ್‌ನಿಂದ ಅಡುಗೆಮನೆಯವರೆಗೆ ಐದಾರು ಬಾರಿ ಓಡಾಡಿದರೆ ಸಡಿಲವಾಗುತ್ತಿತ್ತು, ಮಲಗಿದರೆ ಮತ್ತೆ ಹಿಡಿದುಕೊಳ್ಳುತ್ತಿತ್ತು. ನೋವು ಒಂದು ವಾರ ಬಲ ಪಿರ್ರೆಯಲ್ಲಿದ್ದರೆ ಮುಂದಿನ ವಾರ ಎಡಕ್ಕೆ ಹೋಗುತ್ತಿತ್ತು. ಮೊದಲು ಹಾಸಿಗೆ ಬದಲಿಸಿದೆ, ನಂತರ ಕುರ್ಚಿ ಬದಲಿಸಿದೆ, ಕೊನೆಗೆ ವೈದ್ಯರನ್ನು ಬದಲಿಸಿದೆ. ಮೊದಲು ನೋಡಿದವರು ಡಿಸ್ಕ್ ಜಾರಿದೆ ಎಂದು ಮೂರು ವಾರ ಮಲಗಿರಲು ಹೇಳಿದ್ದರು. ಆ ಮೂರು ವಾರ ನನ್ನ ಜೀವನದ ಅತ್ಯಂತ ಕೆಟ್ಟ ದಿನಗಳಾಗಿದ್ದವು.

ಈಗ ರುಮಟಾಲಜಿಸ್ಟ್ (ಸಂಧಿವಾತ ತಜ್ಞರು) ಅವರ ಬಳಿ ಎಂಆರ್‌ಐ ಆಗಿ, ಬೆನ್ನುಮೂಳೆಯ ತಳವನ್ನು ಸೊಂಟದ ಮೂಳೆಗೆ ಸೇರಿಸುವ ಸ್ಯಾಕ್ರೋಇಲಿಯಾಕ್ ಕೀಲುಗಳ ಪಕ್ಕದ ಮೂಳೆಯಲ್ಲಿ ಉರಿಯೂತ ಇರುವುದು ಕಂಡಿದೆ. ಎಕ್ಸ್‌ರೇಯಲ್ಲಿ ಏನೂ ಕಂಡಿಲ್ಲ. ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿಯ ಪರೀಕ್ಷೆ ಪಾಸಿಟಿವ್ ಬಂದಿದೆ. ಕಾಯಿಲೆಯ ಹೆಸರು ಆಕ್ಸಿಯಲ್ ಸ್ಪಾಂಡಿಲೋಆರ್ಥ್ರೈಟಿಸ್ ಎಂದೂ, ಇದು ಇನ್ನೂ ಆರಂಭದ ಹಂತವೆಂದೂ ಹೇಳಿದ್ದಾರೆ. ಮಾತ್ರೆ ಶುರುವಾಗಿದೆ. ಹೊರಡುವಾಗ "ಸಿಗರೇಟು ಬಿಡಿ, ವ್ಯಾಯಾಮ ಮಾಡಿ" ಎಂದರು, ಅಷ್ಟೇ. ಹೊರಗೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು, ಆದ್ದರಿಂದ ನಾನೂ ಏಕೆ ಎಂದು ಕೇಳಲಿಲ್ಲ.

ನನ್ನ ಅಭ್ಯಾಸಗಳನ್ನು ಮುಚ್ಚಿಡದೆ ಹೇಳುತ್ತೇನೆ: ದಿನಕ್ಕೆ ಏಳೆಂಟು ಸಿಗರೇಟು, ಹೆಚ್ಚಿನವು ಆಫೀಸಿನ ಪಕ್ಕದ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕಾಫಿಯ ಜೊತೆ, ಹತ್ತು ಗಂಟೆ ಕುರ್ಚಿಯಲ್ಲಿ, ಹೋಗಿಬರಲು ಎರಡೂವರೆ ಗಂಟೆ ಬೈಕಿನಲ್ಲಿ, ತೂಕ 86 ಕಿಲೋ, ನಿದ್ದೆ ಐದು ಗಂಟೆ. ಇವುಗಳಲ್ಲಿ ಯಾವುದು ನನ್ನ ಬೆನ್ನಿಗೆ ನಿಜವಾಗಿ ಸಂಬಂಧಿಸಿದ್ದು, ಯಾವುದು ಬರಿಯ ಉಪದೇಶ ಎಂಬುದು ನನಗೆ ತಿಳಿಯಬೇಕಾಗಿದೆ.

ಪೀಣ್ಯ ಲೇಥ್

ನಿಮ್ಮ ಹಾಗೆಯೇ ನನಗೂ ಬೆಳಗಿನ ಜಾವವೇ ನೋವು. ಮೂರು ವರ್ಷದ ಹಿಂದೆ ಗೊತ್ತಾಯಿತು, ಈಗ 34. ನಾನು ಕುಳಿತು ಮಾಡುವ ಕೆಲಸದವನಲ್ಲ, ದಿನಕ್ಕೆ ಎಂಟು ಗಂಟೆ ನಿಂತು ಲೇಥ್ ನಡೆಸುವವನು. ಕೂರುವುದರಿಂದಲೇ ಬರುವುದಾಗಿದ್ದರೆ ನನಗೆ ಏಕೆ ಬಂತು ಎಂಬುದು ನನ್ನ ಪ್ರಶ್ನೆ. ತಿಳಿದವರು ಹೇಳಬೇಕು.

ಕೀಲುವಾತದ ಡಾಕ್ಟರಮ್ಮ

ನಾನು ಇದೇ ಊರಿನಲ್ಲಿ ಸಂಧಿವಾತ ಚಿಕಿತ್ಸೆಯ ವೃತ್ತಿಯಲ್ಲಿದ್ದೇನೆ. ಇಲ್ಲಿ ಬರೆಯುವುದು ಸಾಮಾನ್ಯ ತಿಳಿವಳಿಕೆಯೇ ಹೊರತು ಯಾರೊಬ್ಬರಿಗೂ ಚಿಕಿತ್ಸೆಯಲ್ಲ. ನಿಮ್ಮ ಮಾತ್ರೆಗಳ ವಿಷಯವನ್ನು ನಿಮ್ಮನ್ನು ಪರೀಕ್ಷಿಸಿದವರೊಂದಿಗೇ ಮಾತನಾಡಿಕೊಳ್ಳಿ.

ಮೊದಲು ಹೆಸರಿನ ಗೊಂದಲ. ನಮ್ಮಲ್ಲಿ ಕುತ್ತಿಗೆ ನೋಯುವ ಐವತ್ತು ದಾಟಿದವರೆಲ್ಲ "ನನಗೆ ಸ್ಪಾಂಡಿಲೈಟಿಸ್" ಎಂದು ಪಟ್ಟಿ ಕಟ್ಟಿಕೊಂಡು ಓಡಾಡುತ್ತಾರೆ. ಅವರಲ್ಲಿ ಬಹುಪಾಲು ಜನರಿಗೆ ಇರುವುದು ಸವೆತ, ಅಂದರೆ ಸ್ಪಾಂಡಿಲೋಸಿಸ್. ನಿಮಗಿರುವುದು ಅದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಸೊಂಟದ ಕೀಲುಗಳಲ್ಲಿ, ಸ್ನಾಯುರಜ್ಜುಗಳು ಮೂಳೆಗೆ ಅಂಟುವ ಜಾಗಗಳಲ್ಲಿ ಉರಿಯೂತ ಎಬ್ಬಿಸುವ ಕಾಯಿಲೆ ಇದು. ಸಾಮಾನ್ಯವಾಗಿ 45 ವರ್ಷದೊಳಗೆ ಶುರುವಾಗುತ್ತದೆ. ಸವೆತದ ನೋವು ವಿಶ್ರಾಂತಿಯಲ್ಲಿ ತಗ್ಗುತ್ತದೆ. ಇದು ವಿಶ್ರಾಂತಿಯಲ್ಲಿ ಹೆಚ್ಚುತ್ತದೆ, ಓಡಾಡಿದರೆ ತಗ್ಗುತ್ತದೆ. ಈ ಒಂದು ವ್ಯತ್ಯಾಸವನ್ನು ಗಮನಿಸದ ಕಾರಣಕ್ಕೇ ಕಾಯಿಲೆ ಪತ್ತೆಯಾಗಲು ಸರಾಸರಿ ಆರೇಳು ವರ್ಷ ಹಿಡಿಯುತ್ತದೆ. ಎಕ್ಸ್‌ರೇಯಲ್ಲಿ ಬದಲಾವಣೆ ಮೂಡಲು ವರ್ಷಗಳೇ ಬೇಕಾಗುವುದರಿಂದ, 1984ರ ನ್ಯೂಯಾರ್ಕ್ ಮಾನದಂಡಗಳನ್ನಷ್ಟೇ ನೆಚ್ಚಿಕೊಂಡಿದ್ದ ಕಾಲದಲ್ಲಿ ನಿಮ್ಮಂಥವರ ಕಾಯಿಲೆಗೆ ಹೆಸರೇ ಇರಲಿಲ್ಲ. 2009ರ ಅಂತರರಾಷ್ಟ್ರೀಯ ಮಾನದಂಡಗಳು ಎಂಆರ್‌ಐಗೆ ಸ್ಥಾನ ಕೊಟ್ಟ ಮೇಲೆ ಈ ಆರಂಭದ ಹಂತವನ್ನು ಗುರುತಿಸುವುದು ಸುಲಭವಾಯಿತು.

ಪೀಣ್ಯದವರ ಪ್ರಶ್ನೆಗೆ ಉತ್ತರ: ಕೂತಿದ್ದರಿಂದ ಈ ಕಾಯಿಲೆ ಬರುವುದಿಲ್ಲ, ನಿಂತಿದ್ದರಿಂದಲೂ ಬರುವುದಿಲ್ಲ. ಬಿ27 ಎಂಬ ವಂಶವಾಹಿಗೂ ಈ ಕಾಯಿಲೆಗೂ ಇರುವ ನಂಟು 1973ರಲ್ಲೇ ತಿಳಿಯಿತು. ಆದರೆ ಆ ವಂಶವಾಹಿ ಇರುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಕಾಯಿಲೆ ಬರುವುದೇ ಇಲ್ಲ. ಅಭ್ಯಾಸಗಳ ಮಾತು ಬರುವುದು ಮುಖ್ಯವಾಗಿ ಕಾಯಿಲೆ ಹೊಕ್ಕ ಮೇಲೆ: ಅದು ಎಷ್ಟು ಉರಿಯುತ್ತದೆ, ಎಷ್ಟು ಬೇಗ ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆಯುತ್ತವೆ, ಔಷಧ ಎಷ್ಟು ಒಗ್ಗುತ್ತದೆ ಎಂಬಲ್ಲಿ.

ಸಿಗರೇಟಿನ ವಿಷಯ ಪ್ರತ್ಯೇಕವಾಗಿಯೇ ಬರೆಯಬೇಕು. ರಾತ್ರಿ ಬರೆಯುತ್ತೇನೆ.

ವಿಜಯನಗರದ ಅಮ್ಮ

ಡಾಕ್ಟರಮ್ಮ, ನನ್ನ ಮಗಳಿಗೆ 24 ವರ್ಷ, ಅವಳಿಗೂ ಇದೇ ಎಂದಿದ್ದಾರೆ. "ಇದು ಗಂಡಸರ ಕಾಯಿಲೆ" ಎಂದು ಒಬ್ಬರು ವಾಪಸು ಕಳಿಸಿದ್ದರಿಂದ ಒಂದು ವರ್ಷ ಸುಮ್ಮನೆ ಹೋಯಿತು. ಮನೆಯಲ್ಲಿ ಹಿರಿಯರು ಆಲೂಗಡ್ಡೆ, ಅವರೆಕಾಯಿ, ಕಡಲೆಬೇಳೆ ಎಲ್ಲವೂ ವಾಯು, ಬದನೆಕಾಯಿ ನಂಜು ಎಂದು ನಿಲ್ಲಿಸಿಬಿಟ್ಟಿದ್ದಾರೆ. ಅವಳು ಸೈಕಲ್ ತುಳಿಯುವುದನ್ನೂ ನಾನೇ ಬಿಡಿಸಿದೆ. ಮೇಲಿನ ಮಾತುಗಳನ್ನು ಓದಿದ ಮೇಲೆ ತಪ್ಪು ಮಾಡಿದೆನೇನೋ ಎಂದು ಹೆದರಿಕೆಯಾಗುತ್ತಿದೆ.

ಮೂವತ್ತು ವರ್ಷದ ಬೆನ್ನು

ಅಮ್ಮಾ, ಸೈಕಲ್ಲನ್ನು ನಾಳೆ ಬೆಳಿಗ್ಗೆಯೇ ಅವಳಿಗೆ ಹಿಂತಿರುಗಿಸಿ ಕೊಡಿ. ಏಕೆಂದು ನನ್ನ ಕತೆ ಹೇಳಿದರೆ ತಿಳಿಯುತ್ತದೆ.

ನನಗೆ ಕಾಯಿಲೆ ಶುರುವಾದಾಗ 23 ವರ್ಷ. ಆಗ ಎಂಆರ್‌ಐ ಎಂಬುದು ನಮ್ಮಂಥವರ ಕೈಗೆ ಎಟುಕುವ ಮಾತಾಗಿರಲಿಲ್ಲ. ಸುತ್ತಲಿದ್ದವರೆಲ್ಲ ಪ್ರೀತಿಯಿಂದಲೇ ನನ್ನನ್ನು ಮಲಗಿಸಿದರು. ಹಲಗೆಯ ಮೇಲೆ ಚಾಪೆ ಹಾಸಿ, ಹರಳೆಣ್ಣೆ ತಿಕ್ಕಿ, ಬಿಸಿ ನೀರು ಹಾಕಿ, ಮತ್ತೆ ಮಲಗಿಸುತ್ತಿದ್ದರು. ನಾನು ಎರಡು ದಿಂಬು ಇಟ್ಟುಕೊಂಡು ಮುದುಡಿ ಮಲಗುತ್ತಿದ್ದೆ, ಏಕೆಂದರೆ ಹಾಗೆ ಮಲಗಿದರೆ ಆ ಹೊತ್ತಿಗೆ ನೋವು ಕಡಿಮೆ. ಜೊತೆಗೆ ದಿನಕ್ಕೊಂದು ಪ್ಯಾಕು. ಬೇಸರ ಕಳೆಯಲು ಅದಕ್ಕಿಂತ ಅಗ್ಗದ ಗೆಳೆಯ ಆಗ ಬೇರೆ ಇರಲಿಲ್ಲ. ಮುದುಡಿ ಮಲಗಿದ ಆಕಾರದಲ್ಲಿಯೇ ಬೆನ್ನು ಬೆಸೆದುಕೊಂಡಿತು.

ಈಗ ನನ್ನ ಕುತ್ತಿಗೆ ಹಿಂದಕ್ಕೆ ವಾಲುವುದಿಲ್ಲ. ನಮ್ಮ ಮನೆಯಲ್ಲಿ ಚೊಂಬನ್ನು ಎಂಜಲು ಮಾಡಬಾರದು, ನೀರನ್ನು ಎತ್ತಿಯೇ ಕುಡಿಯಬೇಕು. ಕಳೆದ ಹದಿನೆಂಟು ವರ್ಷಗಳಿಂದ ನನಗೆ ಎತ್ತಿ ಕುಡಿಯಲು ಬಂದಿಲ್ಲ. ನನಗೆಂದು ಒಂದು ಲೋಟ ಬೇರೆ ಇದೆ. ಲೋಟದ ತಳದ ಕಾಫಿಯನ್ನೂ ಬಿಡಬೇಕಾಗುತ್ತದೆ ಎಂದರೆ ನೀವು ನಗಬಹುದು, ನಾನೂ ನಗುತ್ತೇನೆ.

ಸಿಗರೇಟು ಸೇದದೆ, ಮಲಗಿರದೆ ಇದ್ದಿದ್ದರೆ ನನಗೆ ಹೀಗಾಗುತ್ತಲೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ನನ್ನ ಜೊತೆಗೇ ಚಿಕಿತ್ಸೆಗೆ ಬರುತ್ತಿದ್ದ, ಒಂದೂ ಸಿಗರೇಟು ಮುಟ್ಟದ ಗೆಳೆಯನ ಬೆನ್ನೂ ಬಾಗಿದೆ.

ಕೀಲುವಾತದ ಡಾಕ್ಟರಮ್ಮ

ಮೇಲಿನವರ ಕೊನೆಯ ವಾಕ್ಯ ಬಹಳ ಮುಖ್ಯವಾದದ್ದು. ಕಾಯಿಲೆ ಬಲಿತವರನ್ನು ಕಂಡು "ಇವರೇ ಮಾಡಿಕೊಂಡದ್ದು" ಎನ್ನುವ ಅಧಿಕಾರ ಯಾರಿಗೂ ಇಲ್ಲ. ಅದನ್ನು ನೆನಪಿಟ್ಟುಕೊಂಡೇ ಸಿಗರೇಟಿನ ಲೆಕ್ಕ ನೋಡೋಣ.

ಫ್ರಾನ್ಸಿನಲ್ಲಿ 2007ರಲ್ಲಿ ಡೆಸಿರ್ ಎಂಬ ಹೆಸರಿನ ದೀರ್ಘಕಾಲದ ಅಧ್ಯಯನ ಆರಂಭವಾಯಿತು. ಮೂರು ತಿಂಗಳಿಂದ ಮೂರು ವರ್ಷದವರೆಗೆ ಉರಿಯೂತದ ಬೆನ್ನುನೋವಿದ್ದ, 18ರಿಂದ 50 ವರ್ಷದೊಳಗಿನ 708 ಮಂದಿಯನ್ನು ಅದಕ್ಕೆ ಸೇರಿಸಿಕೊಂಡರು. ಅಂದರೆ ಬೈಟು ಕಾಫಿಯವರು ಈಗ ಯಾವ ಹಂತದಲ್ಲಿದ್ದಾರೋ ಅದೇ ಹಂತದವರು. ಅವರ ಮಾಹಿತಿಯಿಂದ 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಧೂಮಪಾನಿಗಳಲ್ಲಿ ನೋವು ಸುಮಾರು ಒಂದೂವರೆ ವರ್ಷ ಮೊದಲೇ ಆರಂಭವಾಗಿತ್ತು, ಕಾಯಿಲೆಯ ಚಟುವಟಿಕೆ ಹೆಚ್ಚಿತ್ತು, ಎಂಆರ್‌ಐಯಲ್ಲಿ ಉರಿಯೂತವೂ ಮೂಳೆಯ ಹಾನಿಯೂ ಹೆಚ್ಚು ಕಂಡವು. ಜರ್ಮನಿಯ ಜೆಸ್ಪಿಕ್ ಅಧ್ಯಯನ ಎರಡು ವರ್ಷಗಳ ಅಂತರದಲ್ಲಿ ತೆಗೆದ ಎಕ್ಸ್‌ರೇಗಳನ್ನು ಹೋಲಿಸಿತು. ಅಲ್ಲಿ ಹೊಗೆಯ ಪ್ರಮಾಣ ಹೆಚ್ಚಿದಂತೆ ಬೆನ್ನುಮೂಳೆಯ ಹಾನಿಯೂ ಹೆಚ್ಚಿತ್ತು. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಲ್ಲಿ ಅದು ಎದ್ದು ಕಂಡಿತು. ಡೆನ್ಮಾರ್ಕಿನ ದಾಖಲೆಗಳಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕವನ್ನು ತಡೆಯುವ ದುಬಾರಿ ಚುಚ್ಚುಮದ್ದುಗಳು ಧೂಮಪಾನಿಗಳಿಗೆ ಅಷ್ಟಾಗಿ ಒಗ್ಗದಿರುವುದು ಕಂಡಿದೆ. ಚುಚ್ಚುಮದ್ದಿಗೆ ಸಾಲ ಮಾಡುವ ಕುಟುಂಬಗಳನ್ನು ದಿನವೂ ನೋಡುವ ನನಗೆ ಈ ಮೂರನೆಯ ಸಂಗತಿ ಉಳಿದೆರಡಕ್ಕಿಂತ ಹೆಚ್ಚು ನೋವು ಕೊಡುತ್ತದೆ.

ವಾಯುವಿನ ವಿಷಯ, ಅಮ್ಮಾ: ನಮ್ಮ ಭಾಷೆಯಲ್ಲಿ ಹೊಟ್ಟೆ ಉಬ್ಬರಕ್ಕೂ ವಾಯು ಎನ್ನುತ್ತೇವೆ, ಕೀಲು ಹಿಡಿದರೂ ವಾಯು ಎನ್ನುತ್ತೇವೆ. ಪದ ಒಂದೇ ಆದದ್ದರಿಂದ, ಅವರೆಕಾಯಿ ತಿಂದು ಹೊಟ್ಟೆ ಉಬ್ಬಿದರೆ ಸೊಂಟಕ್ಕೂ ಅದೇ ಏರಿತು ಎಂಬ ಭಾವನೆ ಬೆಳೆದಿರಬೇಕು. ಅವರೆಕಾಯಿಯ ಕಾಲದಲ್ಲಿ ಮಗಳಿಗೆ ಅದನ್ನು ಬಿಡಿಸುವ ಅಗತ್ಯವಿಲ್ಲ. ಆದರೆ ಕರುಳಿಗೂ ಈ ಕಾಯಿಲೆಗೂ ನಂಟು ಇದ್ದೇ ಇದೆ. ಇಂಥ ರೋಗಿಗಳಲ್ಲಿ ಕೆಲವರಿಗೆ ಕರುಳಿನ ಉರಿಯೂತವೂ ಇರುತ್ತದೆ. ವಾರಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕಂಡರೆ ತಪ್ಪದೆ ಹೇಳಬೇಕು. ಹಾಗೆಯೇ ಒಂದು ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಿದ್ದರೆ ಅದನ್ನು ಕೆಂಗಣ್ಣು ಬೇನೆ ಎಂದು ಔಷಧಿ ಅಂಗಡಿಯ ಹನಿ ಹಾಕಿ ಕೂರಬಾರದು. ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಹೆಣ್ಣುಮಕ್ಕಳಿಗೆ ಈ ಕಾಯಿಲೆ ಇಲ್ಲವೆಂಬುದು ಹಳೆಯ ತಪ್ಪು, ಅದರ ಬೆಲೆಯನ್ನು ನಿಮ್ಮ ಮಗಳು ಒಂದು ವರ್ಷ ತೆತ್ತಿದ್ದಾಳೆ.

ಪ್ರಶ್ನೆ ಬಿಡದವನು, ಮಲ್ಲೇಶ್ವರ

ಡಾಕ್ಟರ್ ಮೇಡಂ ಅವರ ಮಾತಿಗೆ ಒಂದು ಆಕ್ಷೇಪವಿದೆ, ವೃಥಾ ವಾದವೆಂದು ತಿಳಿಯಬಾರದು. ಸಿಗರೇಟು ಸೇದುವವರು ವ್ಯಾಯಾಮವನ್ನೂ ಕಡಿಮೆ ಮಾಡುತ್ತಾರೆ, ಅವರಲ್ಲಿ ಮೈಮುರಿದು ದುಡಿಯುವವರು ಹೆಚ್ಚು, ನೋವು ಹೆಚ್ಚಿದ್ದವರು ಸಮಾಧಾನಕ್ಕಾಗಿ ಇನ್ನೂ ಹೆಚ್ಚು ಸೇದುತ್ತಾರೆ. ಹಾಗಿರುವಾಗ ಹೊಗೆಯೇ ಕಾರಣ ಎಂದು ಹೇಗೆ ಹೇಳುವುದು?

ಕೀಲುವಾತದ ಡಾಕ್ಟರಮ್ಮ

ಆಕ್ಷೇಪ ಸರಿಯಾದದ್ದೇ. ಸಂಶೋಧಕರು ವಯಸ್ಸು, ಲಿಂಗ, ಬಿ27, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಮೊದಲಾದವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ನಂಟು ಉಳಿದಿದೆ. ಪ್ರಮಾಣ ಹೆಚ್ಚಿದಂತೆ ಹಾನಿ ಹೆಚ್ಚುವುದು ಕಾರಣದ ಕಡೆಗೇ ಬೆರಳು ತೋರಿಸುತ್ತದೆ. ನೀವು ಹೇಳಿದ ದುಡಿಮೆಯ ಮಾತೂ ಸುಳ್ಳಲ್ಲ. ಯುರೋಪಿನ ರೋಗಿಗಳನ್ನು ಹನ್ನೆರಡು ವರ್ಷ ಗಮನಿಸಿದ ಇನ್ನೊಂದು ಅಧ್ಯಯನದಲ್ಲಿ, ಉರಿಯೂತ ಒಂದೇ ಮಟ್ಟದಲ್ಲಿದ್ದರೂ ಧೂಮಪಾನಿಗಳಲ್ಲಿ ಮತ್ತು ದೈಹಿಕ ಶ್ರಮದ ಕೆಲಸದವರಲ್ಲಿ ಆ ಉರಿಯೂತ ಬೆನ್ನನ್ನು ಬೆಸೆಯುವ ಹೊಸ ಮೂಳೆಯನ್ನು ಹೆಚ್ಚು ಬೆಳೆಸಿತ್ತು. ಅಂದರೆ ಬೆಂಕಿ ಒಂದೇ, ಗಾಳಿ ಬೀಸಿದ ಕಡೆ ಉರಿ ಹೆಚ್ಚು.

ಇಷ್ಟರ ಮೇಲೂ ಹೊಗೆಯೇ ಕಾರಣವಲ್ಲ ಎಂದಿಟ್ಟುಕೊಳ್ಳಿ. ಈ ಕಾಯಿಲೆಯವರಿಗೆ ಹೃದಯದ ತೊಂದರೆ ಮೊದಲೇ ಹೆಚ್ಚು. ಪಕ್ಕೆಲುಬುಗಳ ಕೀಲು ಬಿಗಿದು ಎದೆ ಹಿಗ್ಗುವುದು ಕಡಿಮೆಯಾಗುತ್ತದೆ. ಇರುವ ಉಸಿರನ್ನೂ ಹೊಗೆಗೆ ಕೊಡುವುದರಲ್ಲಿ ಯಾವ ಲೆಕ್ಕವೂ ಕೂಡಿಬರುವುದಿಲ್ಲ.

ಪೀಣ್ಯ ಲೇಥ್

ದೈಹಿಕ ಶ್ರಮದ ಕೆಲಸದವರಲ್ಲಿ ಹೆಚ್ಚು ಎಂದಿರಿ. ವ್ಯಾಯಾಮ ಒಳ್ಳೆಯದು, ಕೆಲಸ ಕೆಟ್ಟದ್ದು ಎಂದರೆ ಅರ್ಥವೇನು ಮೇಡಂ? ಎರಡರಲ್ಲಿಯೂ ಮೈ ಬಗ್ಗುತ್ತದೆ, ಬೆವರು ಹರಿಯುತ್ತದೆ. ಕೆಲಸ ಬಿಟ್ಟರೆ ನಾನು ಊಟಕ್ಕೆ ಎಲ್ಲಿಗೆ ಹೋಗಲಿ?

ಯಲಹಂಕದ ಫಿಸಿಯೋ

ಈ ಪ್ರಶ್ನೆಗೆ ನಾನು ಉತ್ತರಿಸಲು ಪ್ರಯತ್ನಿಸುತ್ತೇನೆ, ಏಕೆಂದರೆ ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಜನ ಇದನ್ನೇ ಕೇಳುತ್ತಾರೆ, ಮತ್ತು "ಕೆಲಸ ಬಿಡಿ" ಎಂಬುದು ಉತ್ತರವೇ ಅಲ್ಲ.

ಬೆಲ್ಜಿಯಂನ ಗೆಂಟ್‌ನಲ್ಲಿ ಇಲಿಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಈ ಬಗೆಯ ಉರಿಯೂತ ಬರುವ ಇಲಿಗಳ ಹಿಂಗಾಲುಗಳಿಗೆ ಭಾರ ಬೀಳದಂತೆ ಬಾಲದಿಂದ ಎತ್ತಿ ಕಟ್ಟಿದ್ದರು. ಆ ಕಾಲುಗಳಲ್ಲಿ ಉರಿಯೂತ ಬಹಳ ಕಡಿಮೆಯಾಗಿತ್ತು. ಆದ್ದರಿಂದ ಭಾರಕ್ಕೂ ಉರಿಯೂತಕ್ಕೂ ಸಂಬಂಧ ಇಲ್ಲವೆನ್ನಲಾಗದು. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಲಸದಲ್ಲಿ ಪದೇಪದೇ ಬಗ್ಗಿ ತಿರುಚಬೇಕಾದವರಿಗೆ ದಿನನಿತ್ಯದ ಚಟುವಟಿಕೆಗಳು ಹೆಚ್ಚು ಕಷ್ಟವಾಗಿದ್ದವು, ಇಡೀ ಮೈಗೆ ಕಂಪನ ತಟ್ಟುವ ಕೆಲಸದವರ ಎಕ್ಸ್‌ರೇಗಳಲ್ಲಿ ಹಾನಿ ಹೆಚ್ಚಿತ್ತು. ನಮ್ಮ ಊರಿನ ರಸ್ತೆಗುಂಡಿಗಳಲ್ಲಿ ದಿನಕ್ಕೆ ಎರಡೂವರೆ ಗಂಟೆ ಬೈಕ್ ಓಡಿಸುವವರನ್ನು ಆ ಪಟ್ಟಿಗೆ ಸೇರಿಸಬೇಕೋ ಬೇಡವೋ ಎಂದು ಯಾರೂ ಅಳೆದಿಲ್ಲ. ನನ್ನ ಮಟ್ಟಿಗೆ ನಾನು ಅವರಿಗೆ ಮೆಟ್ರೋ ಇರುವಲ್ಲಿ ಮೆಟ್ರೋ ಹತ್ತಿ ಎನ್ನುತ್ತೇನೆ.

ಇನ್ನೊಂದು ಕಡೆ ನೋಡಿ. ನಾರ್ವೆ ಮತ್ತು ಸ್ವೀಡನ್‌ನಲ್ಲಿ 100 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೂರು ತಿಂಗಳು, ವಾರಕ್ಕೆ ಮೂರು ಬಾರಿ, ಏದುಸಿರು ಬರುವಂಥ ತೀವ್ರ ವ್ಯಾಯಾಮ ಮಾಡಿಸಿದರು. ತೀವ್ರತೆಯಿಂದ ಕಾಯಿಲೆ ಕೆರಳಬಹುದೆಂಬ ಅಳುಕು ಮೊದಲು ಎಲ್ಲರಿಗೂ ಇತ್ತು. ಆದದ್ದು ಬೇರೆ: ನೋವು, ಬಿಗಿತ, ದಣಿವು ಎಲ್ಲವೂ ಕಡಿಮೆಯಾದವು, ಹೃದಯದ ಸಾಮರ್ಥ್ಯ ಹೆಚ್ಚಿತು. ವ್ಯಾಯಾಮದಲ್ಲಿ ಭಾರವನ್ನು ನಾವು ಆರಿಸುತ್ತೇವೆ, ನಡುವೆ ಬಿಡುವು ಇರುತ್ತದೆ, ಬೆನ್ನು ನೇರವಾಗುವ ಕಡೆಗೆ ಚಲನೆ ಇರುತ್ತದೆ. ಕಾರ್ಖಾನೆಯಲ್ಲಿ ಭಾರವನ್ನು ಪಾಳಿ ಆರಿಸುತ್ತದೆ, ಚಲನೆಯೂ ಒಂದೇ ದಿಕ್ಕಿಗೆ, ಮುಂದಕ್ಕೆ ಬಗ್ಗುವ ಕಡೆಗೆ. ಪೀಣ್ಯದವರು ಮಾಡಬಹುದಾದದ್ದು: ಜಾಬ್ (ಯಂತ್ರದಲ್ಲಿ ಕೊರೆಯುವ ತುಂಡು) ಸೊಂಟದ ಎತ್ತರಕ್ಕೆ ಬರುವಂತೆ ಕಾಲಕೆಳಗೆ ಹಲಗೆಯನ್ನೋ ಪಕ್ಕದಲ್ಲಿ ಎತ್ತರದ ಸ್ಟ್ಯಾಂಡನ್ನೋ ಇಡುವುದು, ನೆಲದಿಂದ ಎತ್ತಿ ತಿರುಚಿ ಇಡುವ ಬದಲು ಪಾದಗಳನ್ನೇ ತಿರುಗಿಸುವುದು, ಅರ್ಧ ಗಂಟೆಗೊಮ್ಮೆ ಎರಡು ಕೈಗಳನ್ನೂ ಮೇಲೆತ್ತಿ ಎದೆ ತುಂಬ ಐದು ಬಾರಿ ಉಸಿರೆಳೆಯುವುದು.

ಕುರ್ಚಿಯವರಿಗೆ: ಒಂದು ಗಂಟೆ ಜಿಮ್ ಮಾಡಿ ಹತ್ತು ಗಂಟೆ ಅಲುಗಾಡದೆ ಕೂತರೆ ಬಿಗಿತ ಬಿಡುವುದಿಲ್ಲ. ಮೂವತ್ತು ನಲವತ್ತು ನಿಮಿಷಕ್ಕೊಮ್ಮೆ ಏಳಲೇಬೇಕು. ಕಾಂಡಿಮೆಂಟ್ಸ್‌ಗೆ ನಡೆದು ಹೋಗುವ ಅಭ್ಯಾಸ ಒಳ್ಳೆಯದೇ, ಅಲ್ಲಿ ಹೊತ್ತಿಸುವುದಷ್ಟೇ ಕೆಟ್ಟದ್ದು. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಹೊಟ್ಟೆಯ ಮೇಲೆ ಬೋರಲು ಮಲಗಿ. ರಾತ್ರಿ ಗಟ್ಟಿ ಹಾಸಿಗೆ, ತೆಳುವಾದ ಒಂದೇ ದಿಂಬು. ಈಜು ಬಹಳ ಒಳ್ಳೆಯದು, ಆದರೆ ಡಿಸೆಂಬರ್ ಬೆಳಗಿನ ತಣ್ಣೀರಿಗೆ ಇಳಿದು ಮೈ ಸೆಟೆದುಕೊಂಡವರೂ ನನ್ನ ಬಳಿ ಬಂದಿದ್ದಾರೆ. ಆ ತಿಂಗಳುಗಳಲ್ಲಿ ಮಧ್ಯಾಹ್ನ ಹೋಗಿ.

ಯೋಗದ ಬಗ್ಗೆ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಭುಜಂಗಾಸನ, ತಾಡಾಸನ, ಉಸಿರಾಟದ ಅಭ್ಯಾಸಗಳು ಆರಂಭದ ಹಂತದಲ್ಲಿ ಚೆನ್ನಾಗಿ ಹೊಂದುತ್ತವೆ. ಕುತ್ತಿಗೆಗೆ ಕಾಯಿಲೆ ಏರಿದವರು ಶೀರ್ಷಾಸನ, ಹಲಾಸನಗಳ ತಂಟೆಗೆ ಹೋಗಬಾರದು. ಬೆನ್ನು ಲಟ್ಟನೆ ಮುರಿಸಿಕೊಳ್ಳುವುದು, ಕುತ್ತಿಗೆ ತಿರುಚಿಸಿಕೊಳ್ಳುವುದು, ಯಾರ ಬಳಿಯೂ ಬೇಡ. ಬೆಸೆದ ಬೆನ್ನುಮೂಳೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿರುತ್ತದೆ, ಸಣ್ಣ ಪೆಟ್ಟಿಗೂ ಮುರಿಯಬಲ್ಲದು.

ಮುದ್ದೆ ಬಿಟ್ಟವನು, ಕೆಂಗೇರಿ

ಊಟದ ವಿಷಯ ಇಷ್ಟು ಬೇಗ ಮುಗಿಸಬೇಡಿ. ಲಂಡನ್‌ನ ಕಿಂಗ್ಸ್ ಕಾಲೇಜಿನಲ್ಲಿದ್ದ ಅಲನ್ ಎಬ್ರಿಂಜರ್ ಎಂಬ ವಿಜ್ಞಾನಿ, ಕರುಳಿನ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾಗೂ ಬಿ27ಗೂ ಹೋಲಿಕೆ ಇದೆ, ಪಿಷ್ಟ ಕಡಿಮೆ ಮಾಡಿದರೆ ಬ್ಯಾಕ್ಟೀರಿಯಾ ಕಡಿಮೆಯಾಗಿ ಕಾಯಿಲೆ ತಗ್ಗುತ್ತದೆ ಎಂದು ವಾದಿಸಿದ್ದರು. ನಾನು ನಾಲ್ಕು ತಿಂಗಳು ಅನ್ನ, ಮುದ್ದೆ, ಚಪಾತಿ, ಆಲೂಗಡ್ಡೆ ಎಲ್ಲ ಬಿಟ್ಟೆ. ಒಂಬತ್ತು ಕಿಲೋ ಇಳಿದೆ. ನೋವು ಅರ್ಧಕ್ಕರ್ಧ ಕಡಿಮೆಯಾಯಿತು. ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೂತು ಕೋಸಂಬರಿ ಮಾತ್ರ ತಿಂದು ಎದ್ದವನು ನಾನು, ಸುಮ್ಮನೆ ಹೇಳುತ್ತಿಲ್ಲ.

ಕೀಲುವಾತದ ಡಾಕ್ಟರಮ್ಮ

ನಿಮ್ಮ ನೋವು ತಗ್ಗಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂಬತ್ತು ಕಿಲೋ ಇಳಿದಿದ್ದೀರಿ ಎಂಬುದನ್ನು ನೀವೇ ಬರೆದಿದ್ದೀರಿ. ಕೊಬ್ಬು ಬರಿಯ ಭಾರವಲ್ಲ, ಅದು ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ತಾನೇ ಸ್ರವಿಸುವ ಅಂಗಾಂಶ. ತೂಕ ಹೆಚ್ಚಿದ್ದವರಲ್ಲಿ ಕಾಯಿಲೆಯ ಚಟುವಟಿಕೆ ಹೆಚ್ಚಿರುವುದೂ, ಟಿಎನ್‌ಎಫ್ ತಡೆಯುವ ಔಷಧ ಕಡಿಮೆ ಒಗ್ಗುವುದೂ ಅಧ್ಯಯನಗಳಲ್ಲಿ ಕಂಡಿವೆ. ನಿಮಗೆ ಗುಣ ಕೊಟ್ಟದ್ದು ಮುದ್ದೆ ಬಿಟ್ಟದ್ದೋ ತೂಕ ಬಿಟ್ಟದ್ದೋ ಬೇರ್ಪಡಿಸಲು ಸಾಧ್ಯವಿಲ್ಲ. ಎಬ್ರಿಂಜರ್ ಅವರ ವಾದ ಕುತೂಹಲದ್ದು, ಆದರೆ ಪಿಷ್ಟ ಬಿಡುವುದನ್ನು ಚಿಕಿತ್ಸೆ ಎಂದು ಒಪ್ಪುವಷ್ಟು ಪುರಾವೆ ಕೂಡಿಬಂದಿಲ್ಲ. ಅಭ್ಯಾಸಗಳ ಬಗ್ಗೆಯೇ ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2021ರಲ್ಲಿ ಮಾಡಿದ ಶಿಫಾರಸುಗಳೂ ಯಾವುದೋ ಒಂದು ಪದಾರ್ಥದಿಂದ ದೊಡ್ಡ ಲಾಭ ನಿರೀಕ್ಷಿಸಬೇಡಿ, ಸಮತೋಲದ ಊಟ ಮಾಡಿ, ತೂಕ ಹಿಡಿತದಲ್ಲಿಡಿ ಎನ್ನುತ್ತವೆ. ರಾಗಿಮುದ್ದೆ, ಸೊಪ್ಪಿನ ಸಾರು, ಕಾಳುಪಲ್ಯ ಅದಕ್ಕೆ ವಿರುದ್ಧವಲ್ಲ. ಸಂಜೆಯ ಬೋಂಡ, ಬೇಕರಿಯ ಪಫ್ಸ್, ರಾತ್ರಿ ಹನ್ನೊಂದಕ್ಕೆ ಫೋನಿನಲ್ಲಿ ತರಿಸುವ ಬಿರಿಯಾನಿ, ಇವುಗಳ ಲೆಕ್ಕವೇ ಬೇರೆ.

ಅರಿಶಿನದ ಹಾಲು ಕುಡಿಯುವವರು ಕುಡಿಯಿರಿ, ಆದರೆ ಮಾತ್ರೆಯ ಬದಲಿಗೆ ಬೇಡ. ಹೆಸರಿಲ್ಲದ ಪೊಟ್ಟಣದ ಪುಡಿಗಳು ಖಂಡಿತ ಬೇಡ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಎಷ್ಟೋ ಬಾರಿ ಸಿಕ್ಕಿಬಿದ್ದಿದೆ.

ಮದ್ಯದ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: ನೋವಿನ ಮಾತ್ರೆಯೂ ಮದ್ಯವೂ ಸಿಗರೇಟೂ ಒಂದೇ ಹೊಟ್ಟೆಯಲ್ಲಿ ಸೇರಿದರೆ ಹುಣ್ಣಾಗಿ ರಕ್ತಸ್ರಾವವಾಗುವ ಅಪಾಯ ಹೆಚ್ಚು.

ವಿಜಯನಗರದ ಅಮ್ಮ

ಇದು ಮಾತ್ರೆಯ ಪ್ರಶ್ನೆ. ನೋವಿನ ಮಾತ್ರೆ ಕಿಡ್ನಿ ಹಾಳು ಮಾಡುತ್ತದೆಂದು ಮಗಳು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಾಳೆ. ವ್ಯಾಯಾಮ ಸರಿಯಾಗಿ ಮಾಡಿದರೆ ಮಾತ್ರೆ ಬಿಡಬಹುದೇ?

ಕೀಲುವಾತದ ಡಾಕ್ಟರಮ್ಮ

ಮಾತ್ರೆ ಬಿಟ್ಟರೆ ಬಿಗಿತ ಹೆಚ್ಚಿ ಅವಳಿಗೆ ವ್ಯಾಯಾಮವನ್ನೇ ಮಾಡಲಾಗದು. ಈ ಕಾಯಿಲೆಯಲ್ಲಿ ಆ ಮಾತ್ರೆಗಳು ಬರಿಯ ನೋವು ಮರೆಸುವುದಿಲ್ಲ, ಉರಿಯೂತವನ್ನೇ ತಗ್ಗಿಸುತ್ತವೆ. ಮೊದಲ ಚಿಕಿತ್ಸೆಯೇ ಅವು. ಅನೇಕರಿಗೆ ಒಂದೆರಡು ದಿನಗಳಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಕಿಡ್ನಿ, ಹೊಟ್ಟೆ, ರಕ್ತದೊತ್ತಡಗಳ ಮೇಲೆ ಕಣ್ಣಿಡಬೇಕು ಎಂಬುದು ನಿಜ, ಅದಕ್ಕಾಗಿಯೇ ಆಗಾಗ ರಕ್ತಪರೀಕ್ಷೆ ಬರೆಯುತ್ತೇವೆ. ಯಾವಾಗ ಕಡಿಮೆ ಮಾಡಬೇಕೆಂದು ಅವಳ ವೈದ್ಯರನ್ನೇ ಕೇಳಿ. ಈ ಮಾತ್ರೆಗಳಿಗೆ ಬಗ್ಗದಿದ್ದರೆ ಮುಂದಿನ ಔಷಧಗಳಿವೆ, ಅವಕ್ಕೆ ಮೊದಲು ಕ್ಷಯದ ಪರೀಕ್ಷೆ ಕಡ್ಡಾಯವಾಗಿ ಆಗಬೇಕು.

ಬೈಟು ಕಾಫಿ, ಬಸವನಗುಡಿ (ಹನ್ನೊಂದು ವಾರಗಳ ನಂತರ)

ಉತ್ತರಿಸಿದ ಎಲ್ಲರಿಗೂ ಋಣಿ. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಸಿಗರೇಟು ಬಿಟ್ಟು ಐವತ್ತೆರಡು ದಿನ. ಮೊದಲ ಎರಡು ಪ್ರಯತ್ನಗಳು ಕಾಫಿಯ ಲೋಟದ ಮುಂದೆಯೇ ಸೋತವು. ಪ್ಯಾಕಿನ ಮೇಲೇ ಅಚ್ಚಾಗಿರುವ 1800-11-2356 ಸಂಖ್ಯೆಗೆ ಒಂದು ದಿನ ಕರೆ ಮಾಡಿದೆ. ಇಷ್ಟು ವರ್ಷ ಆ ಪ್ಯಾಕನ್ನು ಕೈಯಲ್ಲಿ ಹಿಡಿದವನು ಆ ಸಂಖ್ಯೆಯನ್ನು ಓದಿಯೇ ಇರಲಿಲ್ಲ. ಯಾವ ಹೊತ್ತಿನಲ್ಲಿ, ಯಾರ ಜೊತೆ, ಏನು ಕುಡಿಯುವಾಗ ಸೇದುತ್ತೀರಿ ಎಂದು ಅವರು ಕೇಳಿದ ಮೇಲೆಯೇ, ನನ್ನ ಚಟ ಅರ್ಧ ಸಿಗರೇಟಿನದು, ಅರ್ಧ ಆ ಕಟ್ಟೆಯದು ಎಂದು ತಿಳಿಯಿತು. ಈಗ ಬೈಟು ಕಾಫಿಯನ್ನು ಬೇರೆ ಅಂಗಡಿಯಲ್ಲಿ, ಸೇದದ ಸಹೋದ್ಯೋಗಿಯೊಬ್ಬರ ಜೊತೆ ಕುಡಿಯುತ್ತೇನೆ. ನಡಿಗೆ ಉಳಿದಿದೆ.

ವಾರಕ್ಕೆ ನಾಲ್ಕು ದಿನ ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಬಿರುಸು ನಡಿಗೆ. ಬಂಡೆಯ ಏರು ಬಂದಾಗ ಓಟ. ಏರು ಹತ್ತುವಾಗ ಮೊದಲ ವಾರ ಎದೆಯೇ ಹಿಗ್ಗುತ್ತಿರಲಿಲ್ಲ. ಆಫೀಸಿಗೆ ಮೆಟ್ರೋ ಮತ್ತು ಬಸ್ಸು ಸೇರಿಸಿ ಹೋಗುತ್ತಿದ್ದೇನೆ, ಹದಿನೈದು ನಿಮಿಷ ಹೆಚ್ಚು ಹಿಡಿಯುತ್ತದೆ, ಆದರೆ ನಿಂತು ಹೋಗುತ್ತೇನೆ. ತೂಕ 83. ಕಾಯಿಲೆಯ ಚಟುವಟಿಕೆ ಅಳೆಯುವ, ಆರು ಪ್ರಶ್ನೆಗಳ ಬಾಸ್‌ಡಾಯ್ ಎಂಬ ಪಟ್ಟಿಯಲ್ಲಿ ಮೊದಲು 5.8 ಬಂದಿತ್ತು, ಈಗ 3.1, ನಾಲ್ಕಕ್ಕಿಂತ ಕೆಳಗಿದ್ದರೆ ಒಳ್ಳೆಯದಂತೆ. ಇದರಲ್ಲಿ ಮಾತ್ರೆಯ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ಮಲ್ಲೇಶ್ವರದವರು ಕೇಳುವ ಮೊದಲೇ ಹೇಳುತ್ತೇನೆ, ಗೊತ್ತಿಲ್ಲ. ನಿದ್ದೆಯ ವಿಷಯದಲ್ಲಿ ಸುಧಾರಣೆ ಇಲ್ಲ. ಸಾಫ್ಟ್‌ವೇರ್ ಬಿಡುಗಡೆಯ ವಾರದಲ್ಲಿ ರಾತ್ರಿ ಎರಡರವರೆಗೆ ಕೆಲಸವಿತ್ತು, ಮರುದಿನ ಸೊಂಟ ಮೊದಲಿನಂತೆಯೇ ಹಿಡಿದುಕೊಂಡಿತು.

ಪೀಣ್ಯ ಲೇಥ್

ಯಂತ್ರದ ಮುಂದೆ ನಾಲ್ಕು ಇಂಚಿನ ಹಲಗೆ ಹಾಕಿಸಿಕೊಂಡಿದ್ದೇನೆ. ಸೂಪರ್‌ವೈಸರ್ ಮೊದಲು ನಕ್ಕರು. ಈಗ ಪಕ್ಕದ ಯಂತ್ರದವರೂ ಕೇಳುತ್ತಿದ್ದಾರೆ.

ವಿಜಯನಗರದ ಅಮ್ಮ

ಸೈಕಲ್ಲಿನ ಟೈರು ಬದಲಿಸಿ ಕೊಟ್ಟೆ. ಅವರೆಕಾಯಿಯನ್ನೂ ತಂದೆ.

ಬೈಟು ಕಾಫಿ, ಬಸವನಗುಡಿ

"ಮೂವತ್ತು ವರ್ಷದ ಬೆನ್ನು" ಸರ್, ಒಂದು ಮಾತು ಕೇಳಬಹುದೇ? ಫಿಸಿಯೋ ಅವರು ನನ್ನನ್ನು ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಲ್ಲಿಸಿ ತಲೆಯ ಹಿಂಭಾಗಕ್ಕೂ ಗೋಡೆಗೂ ಇರುವ ಅಂತರ ಅಳೆದರು. ನನ್ನದು ಸೊನ್ನೆ ಬಂತು. ಬೆನ್ನು ಬೆಸೆದ ಮೇಲೂ ವ್ಯಾಯಾಮದಿಂದ ಪ್ರಯೋಜನವಿದೆಯೇ? ನೀವು ಏನಾದರೂ ಮಾಡುತ್ತಿದ್ದೀರಾ?

ಮೂವತ್ತು ವರ್ಷದ ಬೆನ್ನು

ಮಾಡುತ್ತೇನೆ. ಸಿಗರೇಟು ಬಿಟ್ಟು ಹನ್ನೊಂದು ವರ್ಷವಾಯಿತು. ಬೆಳಿಗ್ಗೆ ಉಸಿರಾಟ, ಭುಜಗಳ ತಿರುಗಾಟ, ಸೊಂಟದ ಕೀಲುಗಳಿಗೆ ಹದಿನೈದು ನಿಮಿಷ, ಸಂಜೆ ನಮ್ಮ ಬೀದಿಯ ಪಾರ್ಕಿನಲ್ಲಿ ಆರು ಸುತ್ತು. ಗೋಡೆಯಿಂದ ನನ್ನ ತಲೆಗೆ 14 ಸೆಂಟಿಮೀಟರ್. ಕಳೆದ ವರ್ಷವೂ 14, ಅದರ ಹಿಂದಿನ ವರ್ಷವೂ 14.